ಭಂಡಾರ ತುಂಬಿದ ಹಲಗೆ

ಕಲ್ಲವ್ವಕ್ಕ, ಆ ದೋಣಿಯ ಹಲಗೆ ಕೊಳೆತು ಲಡ್ಡಾಗಿದ್ದು ನನಗೆ ಗೊತ್ತಿತ್ತು. ನಿನ್ನ ಗಂಡ ಸಿದ್ದಪ್ಪಣ್ಣನಿಗೆ ಗೊತ್ತಿರಲಿಲ್ಲ. ಗೊತ್ತಾಗದ ಹಾಗೆ ಮುಚ್ಚಿದವನು ನಾನು — ಈ ಕೈಯಿಂದಲೇ.

ಬರ ಮುಗಿದ ವರ್ಷ ಅದು. ಭೀಮಾ ಹೊಳೆ ಬತ್ತಿದ್ದಷ್ಟು ಕಾಲ ಅವನು ಜನರನ್ನು ದಾಟಿಸುವ ದೋಣಿ ಉಸುಕಿನ ಮೇಲೆ ಬಿಸಿಲಿಗೆ ಬಿದ್ದಿತ್ತು. ಹಳೆಯ ವಾರ್ನಿಶ್ ಹಪ್ಪಳದಂತೆ ಎದ್ದಿತ್ತು. ಮಳೆಗಾಲಕ್ಕೆ ಮುಂಚೆ ಅದನ್ನೆಲ್ಲ ಕೆರೆದು ಹೊಸದು ಹಚ್ಚಬೇಕಿತ್ತು. ನಾನೋ ಸೋಲಾಪುರದವ, ಪೇಟೆಯ ವ್ಯಾಪಾರಸ್ಥರ ಮನೆಗಳಲ್ಲಿ ಮದುವೆಯ ಪಲಂಗ, ಕಪಾಟುಗಳಿಗೆ ಪಾಲಿಶ್ ಮಾಡುವವ. ದೋಣಿ ಮುಟ್ಟಿದವನೇ ಅಲ್ಲ. ಆದರೂ ಕರಜಗಿ ಸಂತೆಯಲ್ಲಿ ಸಿದ್ದಪ್ಪಣ್ಣ ಕೇಳಿದಾಗ ಜಂಬದಿಂದ ಒಪ್ಪಿಕೊಂಡೆ.

"ಕನ್ನಡ್ಯಾಗಿನಂಗ ಮಾರಿ ಕಾಣೂ ಹಂಗ ಮಾಡಿ ಕೊಡ್ತೀನಿ ನೋಡಣ್ಣಾ" ಅಂದೆ.

"ನನ್ನ ಮಾರಿ ಯಾರಿಗಿ ಬೇಕೋ ಪಾಲಿಶ್ ಸಾವಕಾರ, ನೀರು ಒಳಗ ಬರದಂಗ ಮಾಡು, ಸಾಕು" ಎಂದು ನಕ್ಕ.

ನಿಮ್ಮ ಮನೆಯಲ್ಲೇ ಉಂಡೆ, ನಿಮ್ಮ ಕಟ್ಟೆಯ ಮೇಲೇ ಮಲಗಿದೆ. ನಿನ್ನ ಕೈಯ ಕಡಕ್ ರೊಟ್ಟಿ, ಶೇಂಗಾ ಹಿಂಡಿ — ಈಗಲೂ ನೆನೆದರೆ... ಇರಲಿ.

ಹೊರಮೈ ಮೊದಲು ಮುಗಿಸಿದೆ. ಕೆರೆದು, ಉಜ್ಜಿ, ವಾರ್ನಿಶ್ ಹಚ್ಚಿದೆ. ಕನ್ನಡಿಯಂತಾಯಿತು. ಆಮೇಲೆ ಒಳಗೆ ಕೆರೆಯಲು ಕೂತೆ. ತಳದ ಹತ್ತಿರದ ಒಂದು ಹಲಗೆಯಲ್ಲಿ ಉಳಿ ತಾನಾಗಿ ಇಳಿಯಿತು. ಬೆರಳಿಂದ ಕೆದಕಿದರೆ ಕಟ್ಟಿಗೆಯಲ್ಲ, ನಶ್ಯದಂಥ ಪುಡಿ.

ಆಗಲೇ ಸಿದ್ದಪ್ಪಣ್ಣನನ್ನು ಕೂಗಬೇಕಿತ್ತು. ಕೂಗಿದ್ದರೆ ಬಡಿಗ ಬಂದು ಹಲಗೆ ಕೀಳುತ್ತಿದ್ದ, ಹೊರಗಿನ ನನ್ನ ಪಾಲಿಶ್ — ಹೌದಕ್ಕ, ಅಷ್ಟೇ. ಆ ಹೊಳಪು ಕೆಡಬಾರದು ಎಂದು. ಇದಕ್ಕಿಂತ ದೊಡ್ಡ ಕಾರಣ ಏನಾದರೂ ಇತ್ತೇ ಎಂದು ಎಷ್ಟೋ ವರ್ಷ ಹುಡುಕಿದ್ದೇನೆ. ಇರಲಿಲ್ಲ.

ಕಪಾಟು ಬಿರುಕು ಬಿಟ್ಟರೆ ನಾವು ಅರಗು, ಕಟ್ಟಿಗೆಯ ಹೊಟ್ಟು ಕಲಸಿ ತುಂಬುತ್ತೇವೆ. ಸಾಗವಾನಿಯ ಬಣ್ಣ ಬರಲಿ ಎಂದು ಹಳದಿ ಪುಡಿ ಸೇರಿಸುತ್ತೇವೆ. ಆದರೆ ಕಪಾಟು ನಡುಹೊಳೆಗೆ ಹೋಗುವುದಿಲ್ಲ. ಅಂದು ನನ್ನ ಹಳದಿ ತೀರಿತ್ತು. ನಿನ್ನ ಬಾಗಿಲಿಗೆ ಬಂದು, ನೀವು ದಿನಾ ಹಣೆಗೆ ಹಚ್ಚಿಕೊಳ್ಳುವ ಬೀರೋಬ ದೇವರ ಭಂಡಾರ ಕೇಳಿದೆ. ಅದೂ ಅರಿಷಿಣವೇ ತಾನೆ.

"ಭಂಡಾರ ಯಾಕೋ ತಮ್ಮಾ?"

"ದೋಣಿಗಿ, ಅಕ್ಕಾ."

ಅಷ್ಟೇ ಅಂದದ್ದು. ಸುಳ್ಳೂ ಅಲ್ಲ. ನೀನು ತಲೆಯ ಮೇಲೆ ಸೆರಗು ಎಳೆದುಕೊಂಡು, ದೇವರ ಚೀಲಕ್ಕೆ ಕೈಮುಗಿದು, ಬೊಗಸೆ ತುಂಬ ಕೊಟ್ಟೆ. ದೋಣಿಯ ಪೂಜೆಗೆಂದೇ ತಿಳಿದು "ಛಲೋ ವಿಚಾರ ಮಾಡೀದಿ" ಎಂದು ಮೆಚ್ಚಿಕೊಂಡೆ. ಅದನ್ನು ನಾನು ಹೊಟ್ಟಿನಲ್ಲಿ ಕಲಸಿ, ಲಡ್ಡಾದ ಹಲಗೆಗೆ ತುರುಕಿ, ಮೇಲೆ ವಾರ್ನಿಶ್ ಬಳಿದೆ.

ಸಿದ್ದಪ್ಪಣ್ಣ ಒಳಗೆಲ್ಲ ಅಂಗೈ ಆಡಿಸಿ ನೋಡಿದ. ಆ ಹಲಗೆಯ ಮೇಲೂ. "ಖರೇನ ಮಾರಿ ಕಾಣಾಕತ್ತದಲೇ" ಅಂದ.

ಹೊಸನೀರು ಬಂದಾಗ ಕುರುಬರು ಕುರಿ ಹತ್ತಿಸಿಕೊಂಡು ಆಚೆ ದಂಡೆಗೆ ಹೊರಟರು. ನಡುಹೊಳೆಯಲ್ಲಿ ಅದೇ ಹಲಗೆ ಒಡೆಯಿತು. ಸಿದ್ದಪ್ಪಣ್ಣ ಈಜಿ ಈಜಿ ಜನರನ್ನು ದಂಡೆಗೆ ಎಳೆದು ತಂದ. ಕುರುಬರ ಸೊಸೆ ಲಕ್ಕವ್ವ ಮಾತ್ರ ಅವನ ಕೈಗೆ ಸಿಗಲಿಲ್ಲ.

ಸುದ್ದಿ ಕೇಳಿ ಎಸ್ಟಿ ಬಸ್ಸು ಹಿಡಿದು ಬಂದೆ. ಬೀರೋಬನ ಗುಡಿಯ ಮುಂದೆ ಹಿರಿಯರು ಕೂತಿದ್ದರು. "ಕುರಿ ಭಾಳ ತುಂಬಿದ್ದಿ ಸಿದ್ದಪ್ಪಾ" ಎಂದರು. ಅವನು ಹೊಳೆಯಿಂದ ಸಿಕ್ಕ ಹಲಗೆಯ ತುಂಡನ್ನು ಎತ್ತಿ ಹಿಡಿದ. ಮುರಿದ ಬಾಯಲ್ಲಿ ಹಳದಿ ಇಳಿದಿತ್ತು.

"ನೋಡ್ರಿ. ಹೊಟ್ಟ್ಯಾಗ ಭಂಡಾರ ಇಟ್ಕೊಂಡ ದೋಣಿರಿ ಇದು. ಅಂಥಾದನ್ನ ದೇವರು ಕೈ ಬಿಟ್ಟಾನ ಅಂದ್ರ ಪಾಪ ನನ್ನದ. ಇನ್ನ ದೋಣಿ ಹುಟ್ಟು ಮುಟ್ಟಂಗಿಲ್ಲ."

ಭಂಡಾರ ಕಂಡ ಜನ ಆ ತುಂಡಿಗೆ ಕೈಮುಗಿದರು. ಯಾರೂ ಅದನ್ನು ಬೆರಳಿಂದ ಒತ್ತಿ ನೋಡಲಿಲ್ಲ. ನಾನು ಮುಂದೆಯೇ ಕೂತಿದ್ದೆ. ಬಾಯಿ ತೆರೆದೆ — ಕೆಮ್ಮಿದೆ. ಅಷ್ಟೇ.

ಹೊಳೆಯ ಮನುಷ್ಯ ಸೋಲಾಪುರದ ಗಿರಣಿಯೊಂದರ ಗೇಟಿನಲ್ಲಿ ಕಾವಲುಗಾರನಾದ. ಹೋಗುತ್ತ ಬರುತ್ತ ನೋಡುತ್ತಿದ್ದೆ. ಹಣೆ ಬರಿದು. ಭಂಡಾರ ಯಾಕಿಲ್ಲ ಎಂದು ಒಮ್ಮೆ ಕೇಳಿಯೇಬಿಟ್ಟೆ. "ಹಚ್ಕೊಳ್ಳೂ ಲಾಯಕ್ ಉಳದಿಲ್ಲ ತಮ್ಮಾ" ಅಂದ. ಚಹಾ ಕುಡಿಸಿ ಕಳಿಸಿದ — ನನಗೆ, ಅವನು. ಸಾಯುವತನಕ ಅವನು ಹಣೆಗೆ ಭಂಡಾರ ಮುಟ್ಟಿಸಲಿಲ್ಲ.

ನಿನಗೆ ಓದಲು ಬಾರದು. ನಿನ್ನ ಮೊಮ್ಮಕ್ಕಳು ಶಾಲೆಯಲ್ಲಿ ಕಲಿತದ್ದು ಮರಾಠಿ. ಹೀಗಾಗಿ ಈ ಕಾಗದವನ್ನು ಅಂಚೆಗೆ ಹಾಕಿ ಪಾರಾಗುವ ದಾರಿಯೂ ನನಗಿಲ್ಲ. ನಾಳೆ ನಿಮ್ಮೂರಿಗೆ ಬರುತ್ತೇನೆ. ಲಕ್ಕವ್ವನ ಮನೆಯವರನ್ನೂ ಕರೆಸುತ್ತೇನೆ. ಗುಡಿಯ ಮುಂದೆ, ಅಂದು ಕೆಮ್ಮಿದ ಜಾಗದಲ್ಲೇ ನಿಂತು ಇದನ್ನೆಲ್ಲ ಓದುತ್ತೇನೆ.

ಆಮೇಲೆ ನನಗೆ ರೊಟ್ಟಿ ಹಾಕಬೇಡ, ಅಕ್ಕ. ಚೀಲ ಬಿಚ್ಚಿ ಒಂದು ಚಿಟಿಕೆ ಭಂಡಾರ ತೆಗೆ. ಗೋಡೆಯ ಮೇಲಿರುವ ಸಿದ್ದಪ್ಪಣ್ಣನ ಫೋಟೋ ಕೆಳಗಿಳಿಸಿ ಅವನ ಹಣೆಗೆ ಹಚ್ಚು.