ಲಿಗೋರಿಗೆ ಏನಾದರೂ ಆದರೆ

ಒಮಾನಿನ ಬೌಷರಿನ ಆ ಕಟ್ಟಡ ಸಾಮಗ್ರಿ ಕಂಪನಿಯಲ್ಲಿ ಕಂಪ್ಯೂಟರ್ ಕೈಕೊಟ್ಟರೆ ಎಲ್ಲರ ಬಾಯಲ್ಲೂ ಒಂದೇ ಹೆಸರು, ಲಿಗೋರಿ. ಉಡುಪಿ ಕಡೆಯವನು. ಹೆಂಡತಿ ತೀರಿಕೊಂಡು ವರ್ಷಗಳಾಗಿವೆ, ಮಕ್ಕಳಿಲ್ಲ. ಮಾತು ಕಡಿಮೆ, ಪ್ರೋಗ್ರಾಮಿಗೆ ಬೈಯುವಾಗ ಮಾತ್ರ ಬಾಯಿಗೆ ಕೊಂಕಣಿ ಧಾರಾಳವಾಗಿ ಬರುತ್ತಿತ್ತು.

ಗಲ್ಫಿನ ನಮ್ಮವರಲ್ಲಿ ಒಂದು ಕ್ರಮವಿದೆ. ಆಪತ್ತಾದರೆ ಯಾರಿಗೆ ತಿಳಿಸಬೇಕೆಂದು ಕಂಪನಿ ಕೇಳಿದರೆ ಊರಿನ ಮನೆಯ ನಂಬರ್ ಕೊಡುವುದಿಲ್ಲ. ಕೆಟ್ಟ ಸುದ್ದಿ ಫೋನಿನಲ್ಲಿ ನೇರ ಮನೆಗೆ ಬಡಿಯಬಾರದು; ಇಲ್ಲಿನ ಗೆಳೆಯನಿಗೆ ಗೊತ್ತಾಗಬೇಕು, ಅವನು ಊರಿನ ನೆರೆಯವರಿಗೆ ಹೇಳಬೇಕು, ಅವರು ಹೋಗಿ ಬಾಗಿಲು ತಟ್ಟಬೇಕು. ಹಾಗಾಗಿ ಲಿಗೋರಿ ಕೊಗ್ಗನ ಹೆಸರು ಕೊಟ್ಟಿದ್ದ, ಕೊಗ್ಗ ಲಿಗೋರಿಯದು. ಕೊಗ್ಗ ಅದೇ ಕಂಪನಿಯ ಸ್ಟೋರ್‌ಕೀಪರ್, ದಾರ್ಸೈಟಿನ ಫ್ಲ್ಯಾಟಿನಲ್ಲಿ ಇವನ ಜೊತೆಗಾರ. ಕಳೆದ ವರ್ಷ ವೀಸಾ ಕ್ಯಾನ್ಸಲ್ ಮಾಡಿಸಿಕೊಂಡು ಅವನು ಕಾರ್ಕಳಕ್ಕೆ ಹೊರಟುಹೋದ. ಆ ಮೇಲೆ ಲಿಗೋರಿ ಅನ್ನ ಬೇಯಿಸುವುದನ್ನೇ ಬಿಟ್ಟ. ಒಬ್ಬನಿಗಾಗಿ ಕುಕ್ಕರ್ ಇಡಲು ಅವನಿಗೆ ಮನಸ್ಸೇ ಬರುತ್ತಿರಲಿಲ್ಲ.

ಸುರಕ್ಷತೆಯ ಕೆಲಸಕ್ಕೆ ಹೊಸದಾಗಿ ಸೇರಿದ ಅಕ್ಷಿತಾ ಒಂದು ಬೆಳಿಗ್ಗೆ ಅವನನ್ನು ಕರೆದಳು.

"ಎಂಥದು ಸರ್ ಇದು? ಆಪತ್ತಿನ ಪ್ರೋಗ್ರಾಮ್ ಟೆಸ್ಟ್ ಮಾಡ್ತಾ ಇದ್ದೆ. ಎಲ್ಲರದ್ದೂ ಸರಿ ಉಂಟು. ನಿಮ್ಮ ಹೆಸರು ಹಾಕಿದ ಕೂಡಲೇ ಬಿದ್ದುಹೋಗ್ತದೆ!"

"ಸ್ಟ್ಯಾಕ್ ತುಂಬಿರಬೇಕು. ಸ್ವಲ್ಪ ದೊಡ್ಡದು ಮಾಡುವ," ಎಂದ ಲಿಗೋರಿ.

ಪ್ರೋಗ್ರಾಮ್ ಅವನೇ ಬರೆದದ್ದು, ಆಪತ್ತಾದವನ ಸುದ್ದಿ ಯಾರಿಗೆ ಮುಟ್ಟಿಸಬೇಕೆಂದು ಹುಡುಕಲು. ಹೆಸರಿಸಿದ ಗೆಳೆಯ ಒಮಾನಿನಲ್ಲಿ ಇಲ್ಲದಿದ್ದರೆ ಆ ಗೆಳೆಯನ ಗೆಳೆಯ ಯಾರೆಂದು ನೋಡು, ಅವನೂ ಸಿಗದಿದ್ದರೆ ಅವನ ಗೆಳೆಯನನ್ನು. ಹೀಗೆ ತನ್ನನ್ನೇ ತಾನು ಮತ್ತೆ ಮತ್ತೆ ಕರೆದುಕೊಳ್ಳುವ ಪ್ರೋಗ್ರಾಮ್, ಉತ್ತರ ಬಾರದ ಪ್ರಶ್ನೆಗಳನ್ನು ಒಂದರ ಮೇಲೊಂದು ಪೇರಿಸಿಡುತ್ತದೆ, ಬ್ಯಾಚುಲರ್ ಫ್ಲ್ಯಾಟಿನ ಸಿಂಕಿನಲ್ಲಿ ಎಂಜಲು ಬಟ್ಟಲು ಪೇರಿಸಿದ ಹಾಗೆ. ಪೇರಿಸಲು ಕೊಟ್ಟ ಜಾಗವೇ ಸ್ಟ್ಯಾಕ್. ಅದು ತುಂಬಿದರೆ ಪ್ರೋಗ್ರಾಮ್ ಅಂಗಾತ.

ಲಿಗೋರಿ ಜಾಗ ಹೆಚ್ಚಿಸಿದ. ಪ್ರೋಗ್ರಾಮ್ ಸ್ವಲ್ಪ ತಡವಾಗಿ ಬಿತ್ತು, ಅಷ್ಟೇ. ಕೊನೆಗೆ ಅದು ಯಾರ್‍ಯಾರನ್ನು ಹುಡುಕುತ್ತಿದೆಯೆಂದು ಪರದೆಯ ಮೇಲೆ ತರಿಸಿದ. ಲಿಗೋರಿ, ಕೊಗ್ಗ, ಲಿಗೋರಿ, ಕೊಗ್ಗ, ಲಿಗೋರಿ, ಕೊಗ್ಗ. ಊರಿಗೆ ಹೋದ ಕೊಗ್ಗನ ಗೆಳೆಯನೆಂದರೆ ಆಪತ್ತಿಗೆ ಸಿಕ್ಕ ಲಿಗೋರಿಯೇ. ಅವನಿಗೆ ನಗು ಬಂತು. ಹೆಸರುಗಳು ಜೋಡಿಯಾಗಿ ಓಡುತ್ತಲೇ ಇದ್ದವು, ಅವನು ಪ್ರೋಗ್ರಾಮನ್ನು ನಿಲ್ಲಿಸಿದ.

ಕೊಗ್ಗನ ಹೆಸರು ತೆಗೆದು ಇನ್ನೊಂದು ಹಾಕಿದರೆ ಮುಗಿಯಿತು. ಆದರೆ ಯಾರದು? ಹಿಂದೆ ಪಕ್ಕದ ಫ್ಲ್ಯಾಟಿನಲ್ಲಿದ್ದ ಡ್ಯಾನಿಯಲ್ ದೂರದ ಬರ್ಕಾಕ್ಕೆ ಮನೆ ಬದಲಿಸಿದ್ದ, ಈಗ ಇಗರ್ಜಿಯ ಪ್ರಾರ್ಥನೆ ಮುಗಿದಾಗ ಕೈಯೆತ್ತುವಷ್ಟೇ ಪರಿಚಯ. ಬೇರೆ ಹೆಸರು ಹೊಳೆಯಲಿಲ್ಲ. ಊಟದ ಹೊತ್ತಿಗೆ ಅವನು ಕಾರ್ಕಳಕ್ಕೆ ಫೋನ್ ಮಾಡಿದ.

"ಇನ್ನೂ ನನ್ನ ಹೆಸರೇ ಉಂಟಾ ಮಾರಾಯಾ?" ಕೊಗ್ಗ ಜೋರಾಗಿ ನಕ್ಕ. ಹಿಂದೆ ಯಾವುದೋ ಮಗು ಅಜ್ಜ, ಅಜ್ಜ ಎನ್ನುತ್ತಿತ್ತು. "ತೆಗಿ ಅದನ್ನ. ನಿಂಗೆ ಏನಾದ್ರೂ ಆದ್ರೆ ನಾನು ಇಲ್ಲಿ ಕೂತು ಎಂಥ ಮಾಡುದು? ಇಡ್ತೇನೆ ಆಯ್ತಾ, ಊಟಕ್ಕೆ ಕೂತದ್ದು."

ಕೊಗ್ಗ ಕೆಟ್ಟವನಲ್ಲ. ಅವನಿಗೆ ಮನೆಯಿತ್ತು, ಅಷ್ಟೇ.

ಲಿಗೋರಿ ಹೆಸರನ್ನು ತೆಗೆಯಲಿಲ್ಲ. ಪ್ರೋಗ್ರಾಮಿಗೇ ಒಂದು ಮಿತಿ ಹಾಕಿದ. ಹತ್ತು ಸಲ ಕೇಳಿಯೂ ಒಬ್ಬರೂ ಸಿಗದಿದ್ದರೆ ಹುಡುಕುವುದನ್ನು ನಿಲ್ಲಿಸಿ ಹಾಗೆಂದು ಹೇಳಬೇಕು. ಆ ವಾಕ್ಯವನ್ನೂ ಅವನೇ ಬರೆದ, ತನ್ನ ಹೆಸರು ಹಾಕಿ ಗುಂಡಿ ಒತ್ತಿದ.

"ಲಿಗೋರಿ. ತಿಳಿಸಬೇಕಾದವರು: ಯಾರೂ ಇಲ್ಲ."

"ಈಗ ಬೀಳುದಿಲ್ಲ ಅಲ್ವಾ ಸರ್?" ಅಕ್ಷಿತಾ ತನ್ನ ಮೇಜಿನಿಂದಲೇ ಕೇಳಿದಳು.

"ಇಲ್ಲಮ್ಮ," ಎಂದ ಲಿಗೋರಿ. "ಖಲಾಸ್, ಸರಿಯಾಯ್ತು."