ತಂಗಿಗೆ ಹೇಳಿದ ಮಳೆ

ನಮ್ಮ ಅಂಗಡಿಯಲ್ಲಿ ಕಂಪ್ಯೂಟರ್ ತಂಗಿಯದು, ಜೆರಾಕ್ಸ್ ಮತ್ತು ಲ್ಯಾಮಿನೇಷನ್ ನನ್ನದು. ಪೊನ್ನಂಪೇಟೆ ತಾಲ್ಲೂಕು ಆದ ಮೇಲೆ ಜನ ಹೆಚ್ಚಾದರು. ಆಧಾರ್ ತಿದ್ದಿಸುವವರು, ಪಹಣಿ ತೆಗೆಸುವವರು, ಪಿಂಚಣಿಗೆ ಅರ್ಜಿ ಹಾಕುವವರು ಬೆಳಿಗ್ಗೆಯೇ ಬಂದು ಬೆಂಚಿನ ಮೇಲೆ ಕೂರುತ್ತಿದ್ದರು. ನಾನು ಹತ್ತನೇ ತರಗತಿಯವರೆಗೆ ಓದಿದವಳು, ಮಾತೂ ಕಡಿಮೆ. ಮಾತಾಡುವುದೆಲ್ಲ ಅವಳೇ. ಹುತ್ತರಿ ಹಬ್ಬಕ್ಕೆ ಸ್ವಲ್ಪ ಮುಂಚೆ ಜ್ವರ ಎಂದು ಮಲಗಿದ ತಂಗಿ ಮತ್ತೆ ಏಳಲಿಲ್ಲ. ಅಂಗಡಿ ಮುಚ್ಚಿಬಿಡೋಣ ಎಂದು ಎಷ್ಟೋ ಬೆಳಿಗ್ಗೆ ಅನಿಸಿದೆ. ಆದರೆ ಮೂಲೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇತ್ತು, ಅದಕ್ಕೆ ವೈರಿನಲ್ಲಿ ಕಟ್ಟಿಟ್ಟ ಒಂದು ಬಟನ್ ಫೋನ್. "ಇದನ್ನು ಮಾತ್ರ ಆರಿಸಬೇಡ ಅಕ್ಕಾ" ಎಂದು ಅವಳು ಯಾವಾಗಲೂ ಹೇಳುತ್ತಿದ್ದಳು. ಅದು ಆರದ ಹಾಗೆ ನೋಡಿಕೊಳ್ಳುವುದಕ್ಕಾದರೂ ನಾನು ದಿನಾ ಬಾಗಿಲು ತೆರೆಯಬೇಕಾಗುತ್ತಿತ್ತು.

ಅದು ಮಳೆಯ ಮಿಷನ್.

ನಮ್ಮ ಕಡೆ ತೋಟವಿರುವ ಪ್ರತಿ ಮನೆಯ ಅಂಗಳದಲ್ಲೂ ಮಳೆ ಅಳೆಯುವ ಡಬ್ಬ ಇರುತ್ತದೆ. ಬೆಳಿಗ್ಗೆ ಎದ್ದು ಕಾಫಿಗಿಂತ ಮೊದಲು ಅದನ್ನು ನೋಡುತ್ತಾರೆ. ನೂರು ಸೆಂಟು ಎಂದರೆ ಒಂದು ಇಂಚು. ನೆಂಟರು ಫೋನ್ ಮಾಡಿದರೂ ಆರೋಗ್ಯ ಕೇಳುವ ಮೊದಲು "ನಿಮ್ಮಲ್ಲಿ ಎಷ್ಟು ಸೆಂಟು?" ಎಂದೇ ಕೇಳುವುದು. ಅದರಲ್ಲೂ ಬೇಸಿಗೆಯ ಮೊದಲ ಮಳೆ, ಕಾಫಿ ಗಿಡದ ಮೊಗ್ಗು ಬಿಡಿಸುವ ಹೂಮಳೆ, ಸರಿಯಾಗಿ ಬಂದರೆ ವರ್ಷದ ಫಸಲು ಬಂದ ಹಾಗೆ. ಅರೆಬರೆ ಬಿದ್ದರೆ ಹೂವು ಅರ್ಧ ಬಿರಿದು ಕೆಡುತ್ತದೆ. ಆಗ ತಡಮಾಡದೆ ಸ್ಪ್ರಿಂಕ್ಲರ್ ಹಾಕಿ ಉಳಿದ ನೀರು ಕೊಡಬೇಕು. ಅಂಗಳದ ಒಂದು ಡಬ್ಬ ಇಡೀ ತೋಟದ ಮಳೆ ಹೇಳದು, ಸುತ್ತಲಿನವರ ಅಂಕಿಯನ್ನೂ ನೋಡಿಯೇ ಅದನ್ನು ತೀರ್ಮಾನಿಸುವುದು.

ಮೊದಲು ಇದಕ್ಕೊಂದು ವಾಟ್ಸಾಪ್ ಗುಂಪು ಇತ್ತು. ದಿನಾ ಜಗಳ. ಒಬ್ಬರು ಎಂಬತ್ತು ಎಂದರೆ ಪಕ್ಕದ ತೋಟದವರು ನೂರಹತ್ತು ಎನ್ನುತ್ತಿದ್ದರು. ಆಮೇಲೆ ಗೊತ್ತಾಯಿತು, ಗಿಡದ ಮೇಲಿರುವಾಗಲೇ ಫಸಲಿಗೆ ಬೆಲೆ ಕಟ್ಟಿ ಮಾತು ಮುಗಿಸುವ ವ್ಯಾಪಾರಿಗಳೂ ಗುಂಪಿನಲ್ಲಿ ಸುಮ್ಮನೆ ಕೂತು ನೋಡುತ್ತಿದ್ದಾರೆ. ಯಾರ ತೋಟಕ್ಕೆ ಮಳೆ ಕೈಕೊಟ್ಟಿದೆಯೋ ಸಂಜೆ ಅವರ ಗೇಟಿನಲ್ಲೇ ಜೀಪು. "ನಿಮಗೆ ಈ ಸಲ ಫಸಲು ಎಲ್ಲಿ ಉಂಟು?" ಎಂದೇ ಬೆಲೆ ಇಳಿಸುವ ಮಾತು ಶುರು. ಒಬ್ಬೊಬ್ಬರೇ ಗುಂಪು ಬಿಟ್ಟರು.

ಆಗ ತಂಗಿ ತನ್ನದೇ ಒಂದು ಪ್ರೋಗ್ರಾಮ್ ಬರೆದಳು. ಬೆಳಿಗ್ಗೆ ಆ ಬಟನ್ ಫೋನಿಗೆ ಒಂದು ಅಂಕಿ ಮೆಸೇಜು ಕಳಿಸಬೇಕು. ಒಂಬತ್ತು ಗಂಟೆಗೆ ಕಳಿಸಿದವರೆಲ್ಲರಿಗೂ ಒಂದೇ ಸಾಲು ಹೋಗುತ್ತದೆ: ಅತಿ ಹೆಚ್ಚು ಇಷ್ಟು, ಅತಿ ಕಡಿಮೆ ಇಷ್ಟು, ಸರಾಸರಿ ಇಷ್ಟು. ಯಾರದು ಎಷ್ಟು ಎಂಬುದು ಇಲ್ಲ. ಯಾರು ಕೇಳಿದರೂ ಹೇಳುವುದಿಲ್ಲ ಎಂದು ಎಲ್ಲರಿಗೂ ಮಾತು ಕೊಟ್ಟಿದ್ದಳು. ನಲವತ್ತು ಐವತ್ತು ಮನೆಯವರು ಸೇರಿಕೊಂಡರು.

ಅವಳು ಇಂಥ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಯಾರದಾದರೂ ದಾಖಲೆ ಸ್ಕ್ಯಾನ್ ಮಾಡಿದರೆ ಅವರ ಕಣ್ಣೆದುರೇ ಅಳಿಸಿ "ನೋಡಿ, ಹೋಯ್ತು" ಎನ್ನುತ್ತಿದ್ದಳು. "ಅಯ್ಯೋ ಇರ್ಲಿ ಬಿಡಿ, ಮುಂದಿನ ಸಲಕ್ಕೆ ಬೇಕಾಗ್ತದೆ" ಎಂದು ಅವರೇ ಗೋಗರೆಯುತ್ತಿದ್ದರು. ಒಮ್ಮೆ ಪಕ್ಕದ ಹೋಟೆಲಿನಿಂದ ತಂದ ವಡೆ ಯಾರದೋ ಮಾರ್ಕ್ಸ್ ಕಾರ್ಡಿನ ಜೆರಾಕ್ಸಿನಲ್ಲಿ ಸುತ್ತಿತ್ತು. ಗಣಿತದಲ್ಲಿ ಎಷ್ಟು ಎಂದು ನಾನು ನೋಡುವಷ್ಟರಲ್ಲಿ ಕಿತ್ತುಕೊಂಡು ಹರಿದುಹಾಕಿದಳು. ಫೋನಿಗೆ ಆ್ಯಪ್ ಹಾಕಿಕೊಡಿ ಎಂದು ಬಂದವರಿಗೆ ಪರದೆಯ ಮೇಲೆ ಅದು ಕೇಳುವ ಅನುಮತಿಯೆಲ್ಲ ಗಟ್ಟಿಯಾಗಿ ಓದಿ ಹೇಳುವಳು. "ಟಾರ್ಚ್ ಹಚ್ಲಿಕ್ಕೆ ನಿಮ್ಮ ನೆಂಟರ ನಂಬರ್ ಎಲ್ಲ ಯಾಕಂತೆ? ಕೇಳಿ ಅದನ್ನ!" ಬೆಂಚಿನ ಮೇಲಿದ್ದವರು ನಗುತ್ತಿದ್ದರು, ಅನುಮತಿ ಕೊಟ್ಟು ಹೋಗುತ್ತಿದ್ದರು.

ಅವಳು ಹೋದ ಮೇಲಿನ ತಿಂಗಳುಗಳಲ್ಲಿ ಮಳೆ ಇರಲಿಲ್ಲ. ಮಿಷನ್ ಸುಮ್ಮನೆ ಗುಂಯ್ ಎನ್ನುತ್ತಿತ್ತು. ಪರದೆ ಮುಟ್ಟಿದರೆ ಪಾಸ್‌ವರ್ಡ್ ಕೇಳುತ್ತಿತ್ತು. ಅದು ನನಗೆ ಗೊತ್ತಿಲ್ಲ, ಅವಳು ಯಾರಿಗೂ ಹೇಳಿದವಳಲ್ಲ.

ಮಾರ್ಚ್ ತಿಂಗಳ ಸೆಕೆ ಏರುತ್ತಿದ್ದಾಗ ಒಬ್ಬ ಕಾಫಿ ವ್ಯಾಪಾರಿ ಬಂದರು. ಒಳ್ಳೆಯ ಮಾತಿನ ಮನುಷ್ಯ. ತಂಗಿಯ ಬಗ್ಗೆ ಎರಡು ಮಾತು ಮರುಗಿ, ಆಮೇಲೆ ವಿಷಯಕ್ಕೆ ಬಂದರು.

"ಅಕ್ಕ, ಆ ಕಂಪ್ಯೂಟರ್ ನಂಗೆ ಕೊಡಿ. ನಾನು ಅದನ್ನ ಆ್ಯಪ್ ಮಾಡಿಸ್ತೇನೆ. ಎಲ್ಲರಿಗೂ ಫ್ರೀ. ಇಷ್ಟು ವರ್ಷದ ಮಳೆ ಅದರೊಳಗೆ ಉಂಟಲ್ಲ, ಹಾಳಾಗ್ಬಾರ್ದು."

"ಪಾಸ್‌ವರ್ಡ್ ಗೊತ್ತಿಲ್ಲ" ಎಂದೆ.

"ಅದಕ್ಕೆಂತ? ಕುಶಾಲನಗರದಲ್ಲಿ ನಮ್ಮ ಕಡೆಯವರು ಒಬ್ಬರಿದ್ದಾರೆ. ಒಳಗಿನ ಡಿಸ್ಕ್ ಬಿಚ್ಚಿ ಎಲ್ಲ ತೆಗೀತಾರೆ." ಸ್ವಲ್ಪ ತಡೆದು ಹೇಳಿದರು, "ನಿಮ್ಮ ತಂಗಿಯ ಫೋಟೋ ವಿಡಿಯೋ ಎಲ್ಲ ಅದ್ರಲ್ಲೇ ಇರ್ತದೆ. ಅದೆಲ್ಲ ನಿಮಗೆ. ಮಳೆ ಮಾತ್ರ ನಂಗೆ."

ಅವಳ ಫೋಟೋ ನನ್ನಲ್ಲಿ ಹೆಚ್ಚಿಲ್ಲ. ಆದರೆ ಆ ಕಂಪ್ಯೂಟರಿನಲ್ಲಿ ಇವೆ ಎಂದು ನನಗೆ ಗೊತ್ತು. ಪಿಂಚಣಿಯ ಅಜ್ಜ ಅಜ್ಜಿಯರು ಕ್ಯಾಮೆರಾ ಮುಂದೆ ಕೂರಲು ಹೆದರಿದಾಗ ಅವಳೇ ಮೊದಲು ಕೂತು, ನಾಲಿಗೆ ಚಾಚಿ, ಕಣ್ಣು ಮೆಳ್ಳೆ ಮಾಡಿ ತನ್ನ ಚಿತ್ರ ತೆಗೆದು ತೋರಿಸುತ್ತಿದ್ದಳು. ಇತರರದೆಲ್ಲ ಅಳಿಸಿ ತನ್ನದನ್ನು ಮಾತ್ರ ಆ ಹಳೆಯ ಕಂಪ್ಯೂಟರಿಗೆ ಹಾಕಿ ಇಟ್ಟುಕೊಳ್ಳುತ್ತಿದ್ದಳು. ಅಂಥವು ಎಷ್ಟೋ.

"ಹೂಮಳೆ ಒಂದು ಆಗಲಿ, ಆಮೇಲೆ ಬಂದು ತಕೊಂಡು ಹೋಗಿ" ಎಂದುಬಿಟ್ಟೆ.

ಮಾತು ಕೊಟ್ಟ ಮೇಲೆ ತಳಮಳ ಶುರುವಾಯಿತು. ಫೋಟೋ ಬೇಕು, ಆದರೆ ಅದರ ಜೊತೆಗೇ ಅವಳ ಮಾತು ನನ್ನ ಕೈಯಿಂದ ಮುರಿಯುತ್ತದೆ. ಅರ್ಜಿಯ ಪ್ರತಿ ತೆಗೆಸಲು ಬಂದ ವಕೀಲರನ್ನು ಕೇಳಿದೆ. ಬೆಂಚಿನ ಮೇಲೆ ಒಬ್ಬ ಹಿರಿಯರೂ ಇದ್ದರು. ತೋಟದವರು, ನಾವು ಅಂಕಲ್ ಎಂದು ಕರೆಯುವವರು. ಮಳೆಯ ವಿಷಯದಲ್ಲಿ ಯಾರಿಗೂ ಸೋತವರಲ್ಲ. ಯಾರು ಎಷ್ಟು ಹೇಳಿದರೂ ಅವರ ತೋಟದಲ್ಲಿ ಅದಕ್ಕಿಂತ ಇಪ್ಪತ್ತು ಸೆಂಟು ಜಾಸ್ತಿ.

"ಹೊಸ ಕಾನೂನಲ್ಲಿ ಬ್ಯಾಂಕಿನ ಹಾಗೆ ನಮ್ಮ ಡೇಟಾಗೂ ನಾಮಿನಿ ಇಡ್ಬಹುದು" ಎಂದರು ವಕೀಲರು. "ತಂಗಿ ನಿಮ್ಮ ಹೆಸರು ಎಲ್ಲಾದ್ರೂ ಕೊಟ್ಟಿದ್ರಾ?"

"ಇಲ್ಲ."

"ಕೊಟ್ಟಿದ್ರೂ ಅವಳದ್ದಕ್ಕೆ ಮಾತ್ರ. ಬೇರೆಯವರ ತೋಟದ ಮಳೆಗೆ ನೀವು ಹೇಗೆ ನಾಮಿನಿ ಆಗ್ತೀರಿ?"

ಅಂಕಲ್ ಬಾಯಿ ಹಾಕಿದರು. "ಎಂತ ಕಾನೂನು ಮಾರಾಯ್ರೆ! ಆಕಾಶದಿಂದ ಬಿದ್ದ ನೀರಿಗೆ ಎಂತ ಗುಟ್ಟು? ನಾನೆಲ್ಲ ಮೈಕ್ ಹಿಡ್ದು ಹೇಳ್ತೇನೆ ನನ್ನ ಮಳೆ."

"ನೀವು ಮೈಕಿಲ್ಲದೆಯೂ ಹೇಳ್ತೀರಿ. ಅಂಕಿಯ ಪಕ್ಕ ಹೆಸರು, ಫೋನ್ ನಂಬರ್ ಇದ್ರೆ ಅದು ಅವರವರ ಸ್ವಂತ ವಿಷಯ. ಬರೀ ಅಂಕಿ ಆದ್ರೆ ಯಾರದ್ದೂ ಅಲ್ಲ."

"ಹಾಗಾದ್ರೆ ಕೊಡ್ಬಹುದೋ, ಕೊಡ್ಬಾರ್ದೋ?" ಎಂದೆ.

"ಕೋರ್ಟಿಗೆ ಹೋದ್ರೆ ನಾನು ಎರಡೂ ಕಡೆ ವಾದ ಮಾಡಬಲ್ಲೆ" ಎಂದು ನಕ್ಕು ಪ್ರತಿಗಳನ್ನು ಎಣಿಸಿಕೊಂಡು ಹೋದರು.

ಆ ವಾರವೇ ಮಧ್ಯಾಹ್ನ ಹುದಿಕೇರಿ ಕಡೆಯ ಆಕಾಶ ಕಪ್ಪಾಯಿತು. ಮೊದಲು ಗಾಳಿ. ಲ್ಯಾಮಿನೇಷನ್ ಹಾಳೆಗಳೆಲ್ಲ ಹಾರಿ ರಸ್ತೆಗೆ ಹೋದವು. ನಾನು ಹಿಂದೆ ಓಡಿದೆ. ಕಚೇರಿಗಳಿಂದ ಜನ ಹೊರಗೆ ಬಂದು ಮೇಲೆ ನೋಡುತ್ತಾ ನಿಂತಿದ್ದರು, ಸಾಹೇಬರೂ ನಿಂತಿದ್ದರು. ಒಂದು ದಪ್ಪ ಹನಿ ನನ್ನ ಹಣೆಯ ಮೇಲೆ ಬಿತ್ತು. ಆಮೇಲೆ ಸುರಿಯಿತು. "ಬಂತು! ಬಂತು!" ಎಂದು ಯಾರೋ ಕೂಗಿದರು, ನಾನೂ ಕೂಗಿದೆ. ತಂಗಿ ಹೋದ ಮೇಲೆ ನನ್ನ ಗಂಟಲಿನಿಂದ ಅಷ್ಟು ಗಟ್ಟಿ ದನಿ ಬಂದದ್ದು ಅದೇ ಮೊದಲು.

ಒಳಗೆ ಬರುವಷ್ಟರಲ್ಲಿ ಕರೆಂಟು ಹೋಗಿತ್ತು. ಯುಪಿಎಸ್ ಸ್ವಲ್ಪ ಹೊತ್ತು ಕುಂಯ್‌ಗುಟ್ಟಿ ನಿಂತಿತು. ಮಿಷನ್ ಆರಿಹೋಯಿತು.

ಬೆಳಿಗ್ಗೆ ಕರೆಂಟು ಬಂದ ಮೇಲೆ ಗುಂಡಿ ಒತ್ತಿದೆ. ಪಾಸ್‌ವರ್ಡ್ ಕೇಳುವ ಪರದೆ ಬಂದು ಅಲ್ಲೇ ನಿಂತಿತು. ಅದನ್ನು ದಾಟದೆ ಅವಳ ಪ್ರೋಗ್ರಾಮ್ ಶುರುವಾಗದು. ಅಷ್ಟರಲ್ಲಿ ಬಟನ್ ಫೋನ್ ಟಿಣ್ ಎಂದಿತು. ಮತ್ತೆ ಟಿಣ್. ಮೆಸೇಜುಗಳು ಬರತೊಡಗಿದ್ದವು. ಒಂಬತ್ತು ದಾಟಿತು, ಉತ್ತರ ಹೋಗಲಿಲ್ಲ. ಆಮೇಲೆ ಕರೆಗಳು.

"ಎಂತ, ಇನ್ನೂ ಬರ್ಲಿಲ್ಲ? ಮಿಷನಿಗೂ ಹೂವಾಯ್ತಾ?"

"ಅಕ್ಕ, ಬೇಗ ಹೇಳಿ. ಪಂಪ್ ಇಳಿಸ್ಬೇಕೋ ಬೇಡ್ವೋ ಗೊತ್ತಾಗ್ಬೇಕು. ಜನ ಕಾಯ್ತಾ ಇದ್ದಾರೆ."

ಕೆಟ್ಟುಹೋಗಿದೆ ಎನ್ನಲು ಬಾಯಿ ತೆರೆದೆ. "ಹತ್ತು ನಿಮಿಷ ಕೊಡಿ" ಎಂಬ ಮಾತು ಬಂತು. ವೈರು ಕಿತ್ತು ಫೋನನ್ನು ಕೈಗೆ ತೆಗೆದುಕೊಂಡೆ. ಲೆಕ್ಕ ತಾನೇ! ಕೂಡಿಸುವುದು, ಭಾಗಿಸುವುದು, ನಾನು ಮಾಡಲಾರೆನೇ? ಜೆರಾಕ್ಸಿನ ಲೆಕ್ಕಕ್ಕೆ ಇಟ್ಟ ಕ್ಯಾಲ್ಕುಲೇಟರ್ ತಂದು ಒಂದೊಂದೇ ಮೆಸೇಜು ತೆರೆದು ಕೂಡಿಸತೊಡಗಿದೆ. ಏನನ್ನೂ ಬರೆದುಕೊಳ್ಳಲಿಲ್ಲ. ಎಲ್ಲಕ್ಕಿಂತ ಹೆಚ್ಚಿನದು, ಎಲ್ಲಕ್ಕಿಂತ ಕಡಿಮೆಯದು, ಎಷ್ಟು ಮನೆ ಎಂಬುದಷ್ಟೇ ತಲೆಯಲ್ಲಿ.

ಮಧ್ಯದಲ್ಲಿ ಅಂಕಲ್ ಫೋನ್ ಬಂತು. ಬೆಂಚಿನ ಮೇಲಿನ ಗಂಟಲೇ ಅಲ್ಲ, ಪಿಸುಮಾತು.

"ಅಲ್ಲಿ ಯಾರಾದ್ರೂ ಇದ್ದಾರಾ?"

"ಇಲ್ಲ ಅಂಕಲ್."

ಒಂದು ಅಂಕಿ ಹೇಳಿದರು. ನಾನು ತಪ್ಪು ಕೇಳಿದೆನೆಂದುಕೊಂಡು, "ಅದರ ಮುಂದೆ ಒಂದು ನೂರು ಉಂಟಲ್ವ?" ಎಂದೆ.

"ಒಂದೂ ಇಲ್ಲ, ಎರಡೂ ಇಲ್ಲ. ಅಷ್ಟೇ ಬಿದ್ದದ್ದು. ಹೊರಗೆ ಯಾರಾದ್ರೂ ಕೇಳಿದ್ರೆ ಇಂಚಿನ ಮೇಲೆ ಅಂತ ಹೇಳು."

"ಮೈಕ್ ಹಿಡ್ದು ಹೇಳ್ತೇನೆ ಅಂದಿದ್ರಲ್ಲ?"

"ಸುಮ್ನಿರು ಮಾರಾಯ್ತಿ. ನಿನ್ನ ತಂಗಿಗೆ ನಾನು ಒಂದು ದಿನವೂ ಸುಳ್ಳು ಹೇಳಿದ್ದಿಲ್ಲ. ಯಾರೂ ನೋಡುದೇ ಇಲ್ಲ ಅಂದ ಮೇಲೆ ಸುಳ್ಳು ಹೇಳಿ ಎಂತ ಪ್ರಯೋಜನ?"

ಇದನ್ನು ಬರೆಯಲು ಅವರನ್ನು ಕೇಳಿದ್ದೇನೆ. ಹೆಸರು ಹಾಕಬೇಡ, ಗುರುತು ಸಿಗುವ ಹಾಗೆ ಮೀಸೆಯ ವಿಷಯ ಬರೆಯಬೇಡ ಎಂದಿದ್ದಾರೆ.

ಫೋನ್ ಇಟ್ಟ ಮೇಲೆ ಹೊಳೆಯಿತು. ಸುತ್ತಮುತ್ತಲಿನವರೆಲ್ಲ, ಅಣ್ಣತಮ್ಮಂದಿರಿಗೂ ಸರಿಯಾಗಿ ಹೇಳದ ಮಾತನ್ನು ನನ್ನ ತಂಗಿಗೆ ಮಾತ್ರ ಇದ್ದ ಹಾಗೆ ಹೇಳುತ್ತಿದ್ದರು. ಪಕ್ಕದಲ್ಲೇ ಕೂತು ಲ್ಯಾಮಿನೇಷನ್ ಮಾಡುತ್ತಿದ್ದ ನನಗೆ ಅದು ಗೊತ್ತಿರಲಿಲ್ಲ. ಅವಳ ಬಗ್ಗೆ ಹೊಸದೊಂದು ಸಂಗತಿ ಸಿಕ್ಕಿತ್ತು. ಇನ್ನು ಹೊಸದೇನೂ ಸಿಗಲಾರದು ಎಂದುಕೊಂಡಿದ್ದೆ.

ಲೆಕ್ಕ ಮುಗಿಸಿದೆ. ಸರಾಸರಿ ಚೆನ್ನಾಗಿಯೇ ಇತ್ತು. ಒಬ್ಬೊಬ್ಬರಿಗೂ ಬಟನ್ ಒತ್ತಿ ಒತ್ತಿ ಉತ್ತರ ಕಳಿಸಿ, ಅವರ ಮೆಸೇಜು ಅಳಿಸಿದೆ. ಹೆಬ್ಬೆರಳು ನೋವು ಬಂತು. ಒಬ್ಬ ಹೆಂಗಸು ತಿರುಗಿ ಫೋನ್ ಮಾಡಿ, "ಬಂತು ಬಂತು! ಮಿಷನ್ ಸರಿ ಉಂಟಲ್ಲ, ಸದ್ಯ" ಎಂದರು. ಹೂಂ, ಸರಿ ಉಂಟು ಎಂದೆ.

ಹನ್ನೆರಡರ ಹೊತ್ತಿಗೆ ವ್ಯಾಪಾರಿ ಒಂದು ರಟ್ಟಿನ ಪೆಟ್ಟಿಗೆ, ಹಗ್ಗ ಹಿಡಿದು ಬಂದರು.

"ಆಯ್ತಲ್ಲ ಅಕ್ಕ, ಹೂಮಳೆ. ಕಟ್ಟುವನಾ?"

ಮಿಷನ್ ಕಡೆ ನೋಡಿದೆ. ಯಾರೂ ಮುಟ್ಟದೆ ಪರದೆ ಕಪ್ಪಾಗಿತ್ತು. ಅದರ ಹಿಂದೆ ಎಲ್ಲೋ ಅವಳು ನಾಲಿಗೆ ಚಾಚಿಕೊಂಡು ಕೂತಿದ್ದಾಳೆ. ಸಂಜೆಗೆ ನನ್ನ ಫೋನಿಗೆ ಬಂದುಬಿಡಬಹುದು.

"ಬೇಡ" ಎಂದೆ.

"ಮಾತು ಕೊಟ್ಟಿದ್ರಿ."

"ಹೌದು, ತಪ್ಪಾಯ್ತು. ತಂಗಿ ಅದಕ್ಕಿಂತ ಮೊದಲೇ ಎಲ್ಲರಿಗೂ ಮಾತು ಕೊಟ್ಟಿದ್ಳು."

"ಅಕ್ಕ, ಯೋಚನೆ ಮಾಡಿ. ಹೆಸರೆಲ್ಲ ನಾನು ಒಬ್ಬನೇ ನೋಡುದು. ಯಾರಿಗೆ ಗೊತ್ತಾಗ್ತದೆ?"

"ಗೊತ್ತಾಗುದಿಲ್ಲ. ಅವರು ಅದನ್ನೇ ನಂಬಿ ಹೇಳಿದ್ದು."

"ಫೋಟೋ ಹೋಗ್ತದೆ. ಆ ಡಿಸ್ಕ್ ಎಷ್ಟು ದಿನ ಬಾಳ್ತದೆ?"

ಕಣ್ಣು ತುಂಬಿತು, ಒರೆಸಿಕೊಂಡೆ. ಅವರು ಇನ್ನು ಒತ್ತಾಯಿಸಲಿಲ್ಲ. ಪೆಟ್ಟಿಗೆಯನ್ನು ಬಾಗಿಲ ಬಳಿ ಇಟ್ಟು ಬೆಂಚಿನ ಮೇಲೆ ಕೂತರು. ಹೋಗುತ್ತಾರೆಂದು ಕಾದೆ, ಹೋಗಲಿಲ್ಲ. ಹಗ್ಗವನ್ನು ಸುತ್ತಿದರು, ಬಿಚ್ಚಿದರು.

"ನನ್ನದೂ ಒಂದು ತೋಟ ಉಂಟು, ಗೊತ್ತಲ್ಲ" ಎಂದರು ಕೊನೆಗೆ. "ಸಣ್ಣದು. ತಂಗಿ ಇರುವಾಗ ಸೇರುವ ಅಂತಿದ್ದೆ. ವ್ಯಾಪಾರಿ ಅಂತ ಬೇಡ ಅಂತಾರೇನೋ ಅಂತ..."

"ಅಂಕಿ ಹೇಳಿದವರಿಗೆಲ್ಲ ಉತ್ತರ ಹೋಗ್ತದೆ. ಬೇರೆ ಏನೂ ಕೇಳುದಿಲ್ಲ."

ಅವರು ಎದ್ದು ಬಾಗಿಲಾಚೆ ಎರಡೂ ಕಡೆ ನೋಡಿದರು. ಜೆರಾಕ್ಸಿಗೆ ಬಂದ ಹೆಂಗಸು ಹೋಗುವವರೆಗೆ ಕಾದರು. ಆಮೇಲೆ ಮೇಜಿನ ಮೇಲೆ ಬಗ್ಗಿ ಮೆಲ್ಲಗೆ ಹೇಳಿದರು. ಬೆಳಗಿನ ಸರಾಸರಿ ಕ್ಯಾಲ್ಕುಲೇಟರಿನಲ್ಲಿ ಇನ್ನೂ ಇತ್ತು, ಮನೆಗಳ ಲೆಕ್ಕ ತಲೆಯಲ್ಲಿ. ಎರಡನ್ನೂ ಗುಣಿಸಿ, ಅವರದನ್ನು ಕೂಡಿಸಿ, ಒಂದು ಮನೆ ಹೆಚ್ಚು ಮಾಡಿ ಭಾಗಿಸಿದೆ. ಬೆಳಿಗ್ಗೆ ನಾನು ಕಳಿಸಿದ ಉತ್ತರಗಳು ಫೋನಿನಲ್ಲೇ ಇದ್ದವು, ಅವೇ ನಂಬರುಗಳಿಗೆ ಹೊಸ ಸಾಲನ್ನು ಮತ್ತೆ ಕಳಿಸಲು ಕೂತೆ.

ಅರ್ಧ ಕಳಿಸುವಷ್ಟರಲ್ಲಿ ಅಂಕಲ್ ಫೋನ್.

"ಎಂತ ಮಾರಾಯ್ತಿ, ಎರಡನೇ ಸಲ ಬಂತು? ಸರಾಸರಿ ಬದಲಾಗಿದೆ! ಯಾರದ್ದು ಹೊಸತು? ಹೇಳು, ನಾನು ಯಾರಿಗೂ ಹೇಳುದಿಲ್ಲ."

ವ್ಯಾಪಾರಿ ಬೆಂಚಿನ ಮೇಲಿಂದ ನನ್ನ ಮುಖವನ್ನೇ ನೋಡುತ್ತಿದ್ದರು.

"ಹೇಳುದಿಲ್ಲ ಅಂಕಲ್" ಎಂದೆ, ಆ ಕಡೆಯಿಂದ ಬೈಗುಳ ಶುರುವಾಗುವ ಮೊದಲೇ ನಗು ಬಂದುಬಿಟ್ಟಿತು.