ಗಾಳಿ ಸೋರುವ ಪೇಂಟ್‌ಬಾಲ್ ಗನ್ನು

ನಿಪ್ಪಾಣಿ ಹತ್ತಿರ ನಾವು ನಡೆಸುವ ಸಣ್ಣ ರಿಸಾರ್ಟಿಗೆಂದು ಹಳೆಯದೊಂದು ಪೇಂಟ್‌ಬಾಲ್ ಗನ್ ಕೊಂಡೆ. ಗುಂಡಿನ ಬದಲು ಬಣ್ಣದ ಉಂಡೆ ಹಾರಿಸುವ ಆಟದ ಬಂದೂಕು ಅದು. ಮಾರಿದವನು ‘ಹೊಸಾದರಂಗ ಐತ್ರಿ’ ಅಂದಿದ್ದ. ಸಿಲಿಂಡರ್ ಜೋಡಿಸಿದರೆ ಉಂಡೆ ಹಾರುವುದಿರಲಿ, ಗಾಳಿಯೆಲ್ಲ ಹಿಡಿಕೆಯಲ್ಲೇ ಬುಸ್ಸೆಂದು ಸೋರಿಹೋಯಿತು.

ಇಂಥದ್ದನ್ನು ರಿಪೇರಿ ಮಾಡುವವರು ನಮ್ಮ ಕಡೆ ಎಲ್ಲಿ ಸಿಗಬೇಕು? ಚಿಕ್ಕೋಡಿಯಲ್ಲಿ ಬೆಳೆಗೆ ಔಷಧ ಹೊಡೆಯುವ ಪಂಪು ರಿಪೇರಿ ಮಾಡುವ ಮಿಸ್ತ್ರಿಯ ಮುಂದೆ ಸಿಲಿಂಡರ್, ಉಂಡೆಗಳ ಸಮೇತ ಇಟ್ಟೆ. ಬಿಚ್ಚಿ ನೋಡಿದ. ‘ಏನಿಲ್ರಿ, ವಾಷರ್ ಹೋಗೇತಿ’ ಎಂದು ಪಂಪಿನ ವಾಷರನ್ನೇ ಕೂಡಿಸತೊಡಗಿದ.

ಅಂಗಡಿಯ ಕಟ್ಟೆಯ ಮೇಲೆ ಕುರಿ ಕಾಯುವ ಅಜ್ಜನೊಬ್ಬ ಕೂತಿದ್ದ. ಬೆನ್ನಿಗೆ ಕೆಂಪು ಬಣ್ಣ ಬಳಿದ ಅವನ ಕುರಿಗಳು ರಸ್ತೆಯಾಚೆ ಮೇಯುತ್ತಿದ್ದವು.

‘ಇದು ಏನ್ ಮಾಡ್ತೈತ್ರಿ ಸಾಹೇಬ್ರ?’

‘ಮಂದಿಗೆ ಬಣ್ಣ ಹೊಡಿತೈತಿ ಅಜ್ಜಾ.’

‘ಹೊಡಿಸ್ಕೊಂಡು ಸುಮ್ನಿರ್ತಾರ?’

‘ರೊಕ್ಕಾ ಕೊಟ್ಟು ಹೊಡಿಸ್ಕೋತಾರ.’

ಅಜ್ಜ ನನ್ನನ್ನು ಮರುಕದಿಂದ ನೋಡಿದ. ‘ನಮ್ಮ ಕುರಿ ಪುಕಟ ಹಚ್ಚಾಕ ಹೋದ್ರೂ ಓಡ್ತಾವ್ರಿ. ಇರ್ಲಿ, ಬಣ್ಣ ಹತ್ತಿದ ಮ್ಯಾಲೆ ಅವ್ರು ಯಾರ ಹಿಂಡಿನಾಗ ಹೋಗ್ತಾರ?’

‘ಯಾರ ಹಿಂಡಿನಾಗೂ ಇಲ್ಲ! ಆಟದಾಗ ಔಟ್ ಆಗ್ತಾರ, ಅಷ್ಟ’ ಎಂದು ಸಿಟ್ಟಿನಿಂದ ಬೆನ್ನು ತಿರುಗಿಸಿ ನಿಂತೆ.

ಹಿಂದಿನಿಂದ ಮಿಸ್ತ್ರಿ ‘ಈಗ ನೋಡ್ರಿ’ ಅನ್ನುವುದಕ್ಕೂ ನನ್ನ ಬೆನ್ನ ನಡುವೆ ಚೇಳು ಕುಟುಕಿದಂತಾಗುವುದಕ್ಕೂ ಸರಿಹೋಯಿತು. ಬಿಳಿ ಅಂಗಿಯ ತುಂಬ ಕೆಂಪು. ರಿಪೇರಿ ಮಾತ್ರ ಪಕ್ಕಾ ಆಗಿತ್ತು.

ಅಜ್ಜ ಕಂಬಳಿ ಕೊಡವಿ ಎದ್ದ.

‘ಕೆಂಪು ನಮ್ಮ ಗುರ್ತರಿ. ಬರ್ರಿ, ಹಿಂಡು ಹೊಂಟೈತಿ.’